ಕುಲಶೇಖರದಲ್ಲಿ ಹಿಮ ಬಿದ್ದ ವರ್ಷ

ಲೋಕಲ್ ಕೇಬಲ್ಲಿನವರ ಕ್ರಿಸ್ಮಸ್ ಟೆಲಿಫಿಲ್ಮು
ತೆಗೆದದ್ದು ನಮ್ಮ ಮನೆಯಲ್ಲೇ.
ಬಾಡಿಗೆಯಿಲ್ಲ, ಊಟವೂ ನಮ್ಮದೇ,
ಟೈಟಲಿನಲ್ಲಿ ಹೆಸರು ಬರುತ್ತದೆ ಎಂದಷ್ಟೇ ಹೇಳಿ
ಹಿಲರಿ ಮಾಸ್ಟ್ರು ಪಪ್ಪನನ್ನು ಒಪ್ಪಿಸಿದ್ದರು.

ನವೆಂಬರಿನ ಸೆಕೆ. ಫ್ಯಾನು ಹಾಕುವ ಹಾಗಿಲ್ಲ,
ಅದರ ಗರಗರ ಮೈಕಿಗೆ ಕೇಳುತ್ತದಂತೆ.
ಸಾಂತಾ ಉಡುಪಿನೊಳಗೆ ಬೊನಿಫಾಸ್
ಹಬೆಗಿಟ್ಟ ಸಾನ್ನಾದ ಹಾಗೆ ಉಬ್ಬಿ
‘ಕಟ್’ ಎಂದದ್ದೇ ಗಡ್ಡ ಕಿತ್ತು ಬಾವಿಕಟ್ಟೆಗೆ ಓಡುತ್ತಿದ್ದ.
ಹಬ್ಬಕ್ಕೆ ತಿಂಗಳಿರುವಾಗಲೇ ಕುಸ್ವಾರ್ ಕರಿಯಬೇಕಾಗಿ
ಮಾಂಯ್ ದೇವರಲ್ಲಿ ಕ್ಷಮೆ ಕೇಳಿ ಎಣ್ಣೆಯಿಟ್ಟಳು.
ಮೂರನೇ ದಿನ ತಟ್ಟೆಯಲ್ಲಿ ಮೇಲ್ಪದರ ಮಾತ್ರ ಕಿಡಿಯೊ,
ಅಡಿಯಲ್ಲಿ ಮುದ್ದೆ ಮಾಡಿದ ಪೇಪರು.
ಎಲ್ಲವನ್ನೂ ನಾನೇ ತಿಂದದ್ದಲ್ಲ.

ಕಥೆ ಇಷ್ಟೇ: ಅಣ್ಣ ತಮ್ಮ, ಮಾತಿಲ್ಲ.
ಕ್ರಿಸ್ಮಸ್ ರಾತ್ರಿ ತಮ್ಮ ಬಂದು ಬಾಗಿಲು ತಟ್ಟುತ್ತಾನೆ.
ಹಿಮ. ಅಪ್ಪುಗೆ. ಇಗರ್ಜಿಯ ಗಂಟೆ. ಶುಭಂ.
‘ಮಂಗಳೂರಿಗೆ ಹಿಮ ಎಲ್ಲಿಂದ ಮಾಸ್ಟ್ರೇ?’
‘ಟಿವಿಯ ಕ್ರಿಸ್ಮಸ್ಸಿಗೆ ಹಿಮ ಬೇಕೇ ಬೇಕು ಮಾರಾಯ್ತಿ,
ಇಲ್ಲದಿದ್ದರೆ ಜನ ಅದನ್ನು ಮೊಂತಿ ಫೆಸ್ತ್ ಅಂದುಕೊಂಡಾರು.’
ಫ್ರಿಜ್ಜಿನ ಪೆಟ್ಟಿಗೆಯ ಥರ್ಮೊಕೋಲನ್ನು
ಮಾಂಯ್ ತುರಿಮಣೆಯಲ್ಲಿ ಕೂತು ತುರಿದಳು, ಎರಡು ಹೆಡಿಗೆ.
‘ಇಷ್ಟು ತುರಿದರೂ ಹಾಲಿಲ್ಲದ ಕಾಯಿ
ಜನ್ಮದಲ್ಲಿ ನೋಡಿಲ್ಲ’ ಎಂದಳು.

ತಮ್ಮನ ಪಾತ್ರದವ ನಾಟಕದ ತಂಡದೊಡನೆ ಮುಂಬಯಿಗೆ ಹೋಗಿದ್ದ,
ಅಣ್ಣನ ಪಾತ್ರದವನಿಗೆ ಕಾಮಾಲೆ.
ಮಾಸ್ಟ್ರು ಪಪ್ಪನನ್ನು ಅಡಿಯಿಂದ ಮುಡಿವರೆಗೆ ನೋಡಿದರು,
ಆಮೇಲೆ ಕಂಪೌಂಡು ಗೋಡೆಯಾಚೆ ನೋಡಿದರು.
ಗೊತ್ತಿದ್ದೇ ಕರೆದರೋ, ಗೊತ್ತಿಲ್ಲದೆಯೋ,
ಇವತ್ತಿಗೂ ನಾವು ಕೇಳಿಲ್ಲ.

ಸೀರಿಲ್ ಬಾಪ್ಪು ಇಸ್ತ್ರಿ ಹಾಕಿದ ಷರ್ಟಿನಲ್ಲಿ ಬಂದ.
ಆರು ವರ್ಷ ಹಿಂದೆ, ಅಜ್ಜನ ಸಮಾಧಿಗೆ
ಗ್ರಾನೈಟೋ ಮೊಸಾಯಿಕೋ ಎಂದು ಶುರುವಾಗಿ
ಗೋಡೆ ಎದ್ದಿತ್ತು. ಅಜ್ಜನ ಮೇಲೆ ಬರೀ ಹುಲ್ಲು.

ಮೊದಲ ಟೇಕಿಗೆ ಸುರಂಗದ ಕಡೆಯಿಂದ ಗೂಡ್ಸು ಕೂಗಿತು.
ಆಮೇಲೆ ನಮ್ಮ ಹುಂಜ. ಆಮೇಲೆ ದಾಮೋದರಣ್ಣನ ಬ್ಯಾಟರಿ:
ಅವರು ಮದುವೆಯ ವಿಡಿಯೋದವರು, ಅಭ್ಯಾಸಬಲದಿಂದ
ಪ್ರತಿ ಸಲವೂ ನಮ್ಮ ಅಮ್ಮನ ಬಳೆಗೆ ಜೂಮು ಮಾಡುತ್ತಿದ್ದರು.
ಬಾಪ್ಪುವಿನ ಬಾಯೊಳಗೆ ಒಮ್ಮೆ ಹಿಮ ಹೋಯಿತು.
ನನಗಿದ್ದದ್ದು ಒಂದೇ ಮಾತು: ‘ಪಪ್ಪಾ, ಹಿಮ!’
ಆರನೇ ಟೇಕಿನಲ್ಲಿ ನಾನು ಕೂಗಿದೆ,
‘ಪಪ್ಪಾ, ಸೀರಿಲ್ ಬಾಪ್ಪು!’
ಯಾರೂ ನಗಲಿಲ್ಲ. ಕಟ್ ಅನ್ನುವುದಕ್ಕೂ ತುಸು ತಡವಾಯಿತು.

ಏಳನೆಯದು ಓಕೆ.
ಓಕೆ ಆದ ಮೇಲೂ ಅವರಿಬ್ಬರು ಬಿಡಲಿಲ್ಲ.
ಪಪ್ಪ ಕಿವಿಯಲ್ಲಿ ಏನೋ ಅಂದ, ಮೈಕಿಗೆ ಸಿಗಲಿಲ್ಲ.
ಅಮ್ಮನ ಪ್ರಕಾರ ಅದು ‘ಹೊಟ್ಟೆ ಬಂದಿದೆ ನಿನಗೆ.’

ಡಿಸೆಂಬರ್ ಇಪ್ಪತ್ನಾಲ್ಕು, ಏಳೂವರೆ.
ಹೆಸರು ಬಂತು. ಲಾದ್ರು ಮಿನೇಜಸ್ ಹೋಗಿ
ಲಾಡು ಮಿನೇಜಸ್ ಆಗಿ ಬಂತು.
ಬಾಗಿಲು ತಟ್ಟಿದ ಸದ್ದು ಬಂತು,
ಕರೆಂಟು ಹೋಯಿತು.

ಗೋಡೆಯಾಚೆ ಇನ್ವರ್ಟರಿತ್ತು.
ಎಪ್ಪತ್ತೆರಡರ ಮಾಂಯ್ ಸ್ಟೂಲು ತಂದು ಗೋಡೆ ಹತ್ತಿದಳು.
ಗೇಟು ಇತ್ತು, ಸುತ್ತಿ ಹೋಗುವಷ್ಟರಲ್ಲಿ ಸೀನು ಮುಗಿದೀತು.
ಹಿಂದೆ ನಾವೆಲ್ಲ, ಕಿಡಿಯೊ ಡಬ್ಬಿ ಕೈಯಿಂದ ಕೈಗೆ,
ಆಚೆಯಿಂದ ಬಾಪ್ಪು ಟಾರ್ಚು ಹಿಡಿದು
‘ಕಾಲು ಇಲ್ಲಿ, ಇಲ್ಲಿ’ ಎನ್ನುತ್ತಿದ್ದ.

ಸಮಾಧಿಗೆ ಇನ್ನೂ ಕಲ್ಲು ಬಂದಿಲ್ಲ.
ಗ್ರಾನೈಟು, ಮೊಸಾಯಿಕು, ಈಗ ಜೋರು ಜೋರಾಗಿ,
ಒಂದೇ ಜಗುಲಿಯಲ್ಲಿ, ಚಾ ಆರುವವರೆಗೆ.
‘ನನ್ನ ಗಂಡನಿಗೆ ಹುಲ್ಲೇ ತಂಪು, ಸುಮ್ಮನಿರಿ’
ಎಂದು ಮಾಂಯ್ ಒಳಗಿನಿಂದ.

ಈಸ್ಟರಿಗೂ ಬಾವಿಯ ಕೊಡಪಾನದಲ್ಲಿ
ಒಂದೆರಡು ಹಿಮ ತೇಲಿ ಬರುತ್ತಿತ್ತು.
ಬೆರಳಲ್ಲಿ ತೆಗೆದು ಬಿಸಾಡಿ
ನೀರು ಕುಡಿಯುತ್ತಿದ್ದೆವು.